ತಾಟಿಗೆ ಹಚ್ಚಿದ ಮೂರು ಬೆರಳು ಈಬತ್ತಿ

“ಅವ್ವಾ, ನಂದಾ ಮೌಶಿ ಜ್ಯಾಡ ಅದಾಳೇನ?”

ಮುಕ್ತಾ ಇದನ್ನು ಕೇಳಿದ್ದು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. ಹಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದ ಶಾಂಭವಿ ನಕ್ಕು, ಮೊದಲು ನುಂಗು ಆಮೇಲೆ ಮಾತಾಡು ಎಂದಳು. ಮಗಳು ನುಂಗಿದಳು, ಆದರೆ ಪ್ರಶ್ನೆ ಬಿಡಲಿಲ್ಲ.

“ಆಕಿ ಕ್ವಾಣ್ಯಾಗ ಸೂಜಿ ಬಾಯಿಂದ ಬಿಳಿ ಎಳಿ ಹೊಂಟಿತ್ತು. ಯಾರೂ ಜಗ್ಗಲಿಲ್ಲ ಅವ್ವಾ. ತಾನ ಹಾರಿ ಹೋಗಿ ತಾಟಿಗೆ ಕುಂತ್ತು. ಜ್ಯಾಡ ಅಲ್ಲಂದ್ರ ಮತ್ತೇನ?”

ಹೊಸ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಶಾಂಭವಿಯ ಅತ್ತೆ ರೇವವ್ವ ತಲೆ ಎತ್ತದೆಯೇ ಉತ್ತರ ಕೊಟ್ಟಳು. “ಜ್ಯಾಡ ಆಗಿದ್ರ ಛಲೋ ಇತ್ತವಾ, ಮನ್ಯಾಗಿನ ನೊಣಾನರ ಹಿಡೀತಿದ್ದಳು. ಆರು ವರ್ಷಾತು ನೂಲು ತೆಗಿಯಾಕ ಹತ್ತಿ, ಒಂದ ಚಡ್ಡಿಗೆ ಆಗುವಷ್ಟು ಅರಿವಿ ಆಗಿಲ್ಲ.”

ಮುಕ್ತಾ ಆಡುವ ಇಂಥ ಮಾತುಗಳನ್ನು ಶಾಂಭವಿ ಬರೆದಿಡುತ್ತಿದ್ದಳು. ಹಾಲಿನವನು ತಪ್ಪಿಸಿದ ದಿನ, ಮಗಳಿಗೆ ಹಾಕಿಸಿದ ಚುಚ್ಚುಮದ್ದು, ಉಪ್ಪಿನಕಾಯಿ ಹಾಕಿದ ಹೊತ್ತು, ಎಲ್ಲದರ ನಡುವೆ ಮಗಳ ಮಾತಿಗೂ ಒಂದು ಸಾಲು. ಆ ದಿನದ ಸಾಲು ಜೇಡದ್ದಾಯಿತು. ಅದಕ್ಕೆ ಉತ್ತರ ಕೊಡಬೇಕೆಂದರೆ ಮಾತ್ರ ಒಂದು ಸಾಲು ಸಾಲದು. ನಂದಕ್ಕನ ಕತೆಯನ್ನೇ ಹೇಳಬೇಕಾಗುತ್ತದೆ.

ನಂದಾ ಪಕ್ಕದ ಮನೆಯ ಸೊಸೆ. ಕುಂದಗೋಳದ ಆ ಓಣಿಯಲ್ಲಿ ಎರಡು ಮನೆಗಳಿಗೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತದೆ. ತವರು ಕಲಘಟಗಿ ತಾಲೂಕಿನ ದುಮ್ಮವಾಡ. ಮದುವೆಯಾದಾಗ ಅವಳ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬಾಕಿ ಇತ್ತು. ಅರಿಶಿನ ಆರದ ಕೈಯಲ್ಲೇ ಹೋಗಿ ಬರೆದಳು, ಉತ್ತರ ಪತ್ರಿಕೆಯ ತುಂಬ ಹಳದಿ ಬೆರಳು ಮೂಡಿ, ಕೊಠಡಿಯಲ್ಲಿದ್ದ ಮೇಷ್ಟರು “ಏನವಾ, ಊಟಾ ಮಾಡಿ ಕೈ ತೊಳ್ಕೊಂಡಿಲ್ಲೇನು?” ಎಂದು ಕೇಳಿದ್ದರಂತೆ. ಮುಂದೆ ಓದಬೇಕೆಂಬ ಆಸೆಯನ್ನು ಅವಳು ಗಂಡ ಈರೇಶನಿಗಿಂತ ಮೊದಲು ಹೇಳಿದ್ದು ಮಾವ ಮಡಿವಾಳೆಪ್ಪನಿಗೆ. ಎತ್ತಿನ ಕೊರಳ ಹಗ್ಗ ಸಡಿಲಿಸುತ್ತಿದ್ದ ಮಾವ ತಿರುಗಿ ನೋಡದೆ ಹೇಳಿದ್ದ: “ಓದವಾ. ಹೊಲಾ ಎಲ್ಲಿಗೂ ಓಡಿ ಹೋಗೂದಿಲ್ಲ. ಓಡಿ ಹೋಗೂದು ವಯಸ್ಸು.”

ಹಾಗೆ ರೈಲು ಹಿಡಿದು ಧಾರವಾಡಕ್ಕೆ ಹೋಗಿ ಬಂದು ಎಂ.ಎಸ್ಸಿ. ಮುಗಿಸಿದಳು. ಊರಿನ ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾದಳು. ಹುಡುಗ ಹುಡುಗಿಯರು ಅವಳಿಗೆ ಇಟ್ಟ ಹೆಸರು ಕನ್ನಡಿ ಮೇಡಂ. ವರ್ಷಕ್ಕೊಮ್ಮೆ ಗಾಜಿನ ನಳಿಕೆಯಲ್ಲಿ ಬೆಳ್ಳಿಯ ದ್ರಾವಣಕ್ಕೆ ಗ್ಲೂಕೋಸು ಬೆರೆಸಿ, ಬಿಸಿನೀರಲ್ಲಿಟ್ಟು, ನಳಿಕೆಯ ಒಳಗೋಡೆಗೆ ಬೆಳ್ಳಿ ಅಂಟಿ ಕನ್ನಡಿಯಾಗುವುದನ್ನು ತೋರಿಸುತ್ತಿದ್ದಳು. ಎಲ್ಲರೂ ಅದರಲ್ಲಿ ಮುಖ ನೋಡಿಕೊಂಡ ಮೇಲೆಯೇ ಪಾಠ ಮುಂದೆ ಹೋಗುವುದು. ಆ ಬೆಳ್ಳಿಯೇ ಅವಳನ್ನು ಸಂಶೋಧನೆಗೆ ಎಳೆಯಿತು. ಗಾಜಿಗೆ ಅಂಟುವ ಬೆಳ್ಳಿ ದಾರಕ್ಕೆ ಯಾಕೆ ಅಂಟಬಾರದು? ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ದಾರಕ್ಕೆ?

“ಎಷ್ಟ ಸಣ್ಣದಬೇ?” ಎಂದು ರೇವವ್ವ ಒಮ್ಮೆ ಕೇಳಿದ್ದಳು.

“ನಾಕನೂರು ಎಳಿ ಒಂದರ ಬಾಜು ಒಂದು ಮಲಗಿಸಿದ್ರ ನಿಮ್ಮ ತಲಿಯಾಗಿನ ಒಂದ ಕೂದಲದ ಅಗಲ ಆಕ್ಕತಿ ದೊಡ್ಡವ್ವಾ.”

“ನನ್ನ ತಲ್ಯಾಗ ಉಳದಿದ್ದ ನಾಕು ಕೂದಲಾ. ಅವನ್ನೂ ಲೆಕ್ಕಕ್ಕ ತಗೊಂಡಿ ಏನು?”

ಅಂಥ ದಾರ ತೆಗೆಯುವ ಯಂತ್ರವನ್ನು ನಂದಾ ಮತ್ತು ಈರೇಶ ಸೇರಿ ಮಾಡಿದ್ದರು. ಈರೇಶನದು ಬಸ್‌ಸ್ಟ್ಯಾಂಡ್ ಹತ್ತಿರ ಟೀವಿ ರಿಪೇರಿ ಅಂಗಡಿ; ಈಗ ಹೆಚ್ಚಾಗಿ ಮೊಬೈಲು. ಯಾರೂ ವಾಪಸು ಒಯ್ಯದ ಹಳೆಯ ಡಬ್ಬಿ ಟೀವಿಗಳು ಅಂಗಡಿಯ ಹಿಂದೆ ಬಿದ್ದಿದ್ದವು. ಆ ಟೀವಿಯ ಗಾಜಿನ ಹತ್ತಿರ ಕೈ ಒಯ್ದರೆ ಮೈಮೇಲಿನ ರೋಮ ನೆಟ್ಟಗೆ ನಿಲ್ಲುತ್ತಿತ್ತಲ್ಲ, ಆ ಶಕ್ತಿ ಹುಟ್ಟಿಸುವ ಭಾಗವನ್ನು ಬಿಚ್ಚಿ ತಂದರು. ಅದರ ತಂತಿಯನ್ನು ಆಸ್ಪತ್ರೆಯ ಸಿರಿಂಜಿನ ಸೂಜಿಗೆ ಜೋಡಿಸಿದರು. ಸಿರಿಂಜಿನಲ್ಲಿ ನೈಲಾನ್ ಕರಗಿಸಿದ ಅಂಟು ಪಾಕ. ಎದುರಿಗೆ, ಒಂದು ಗೇಣು ದೂರದಲ್ಲಿ, ನಂದಾಳ ಮದುವೆಯಲ್ಲಿ ಬಂದಿದ್ದ ಸ್ಟೀಲಿನ ಊಟದ ತಾಟನ್ನು ನಿಲ್ಲಿಸಿದರು. ಸ್ವಿಚ್ ಒತ್ತಿದರೆ ಸೂಜಿಯ ತುದಿಯ ಹನಿ ಚೂಪಾಗಿ, ಎಳೆಯಾಗಿ, ಕಣ್ಣಿಗೆ ಕಂಡೂ ಕಾಣದ ಹಾಗೆ ಗಾಳಿಯಲ್ಲಿ ನುಲಿಯುತ್ತ ಹೋಗಿ ತಾಟಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತಿತ್ತು. ತಾಟು ದಾರವನ್ನು ಕರೆಯುತ್ತದೆ, ದಾರ ಓಡಿ ಹೋಗುತ್ತದೆ. ನಂದಾ ಶಾಂಭವಿಗೆ ಹೇಳಿದ್ದು ಇಷ್ಟೇ. ಮುಕ್ತಾ ಕಿಟಕಿಯಿಂದ ಕಂಡದ್ದೂ ಇದೇ.

ಆ ಕೋಣೆಗೆ ನಂದಾ ಚಿಲಕ ಹಾಕಿಯೇ ಇಡುತ್ತಿದ್ದಳು. ಶಾಂಭವಿ ಮಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದಳು: ಕಿಟಕಿ ತನಕ ನಿನ್ನ ಊರು, ಕಿಟಕಿಯ ಆಚೆ ಬೇರೆ ದೇಶ.

ದಾರ ಆದ ಮೇಲೆ ಬೆಳ್ಳಿ. ಪೊರೆಯ ಒಂದೇ ಮೈಗೆ ಬೆಳ್ಳಿ ಹಿಡಿಯುವಂತೆ ದ್ರಾವಣದ ಮೇಲೆ ತೇಲಿಬಿಟ್ಟರೆ ಆ ಮೈ ಬೂದಿ ಬಣ್ಣಕ್ಕೆ ತಿರುಗಿ, ಆಮೇಲೆ ಹೊಳೆಯತೊಡಗುತ್ತದೆ. ಅದನ್ನು ಜೀರಿಗೆ ಕಾಳಿನಷ್ಟು ಕತ್ತರಿಸಿ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಡಬೇಕು. ಗಾಯ ತೊಳೆಯುವಾಗ ಬುಸುಬುಸು ನೊರೆ ಬರುವ ಔಷಧವಿದೆಯಲ್ಲ, ಅದೇ. ಬೆಳ್ಳಿ ತಾಗಿದ ಕಡೆ ಆ ನೀರು ಒಡೆದು ಗುಳ್ಳೆ ಏಳುತ್ತವೆ. ಗುಳ್ಳೆ ಹಿಂದಕ್ಕೆ ದೂಡಿದರೆ ಚೂರು ಮುಂದಕ್ಕೆ ಹೋಗಬೇಕು. ಕೀಲಿ ಕೊಡದೆ, ಗಾಳಿ ಊದದೆ, ತಾನಾಗಿ. ಜೊತೆಗೆ ಬೆಳ್ಳಿಯ ದಾರದಲ್ಲಿ ಕರೆಂಟೂ ಹರಿಯಬೇಕು.

ಹರಿಯಬೇಕು, ಹೋಗಬೇಕು ಎನ್ನುವುದು ಕಾಗದದ ಮೇಲಿನ ಮಾತು. ನಂದಾಳ ಚೂರುಗಳು ಓಡುತ್ತಿದ್ದವು ನಿಜ, ಆದರೆ ನಿಂತಲ್ಲೇ ಸುತ್ತುತ್ತಿದ್ದವು. ಪೊರೆಯಲ್ಲಿ ಎಳೆಗಳು ಬಿಚ್ಚಿದ ಜಡೆಯಂತೆ ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತಿದ್ದವು. ಗುಳ್ಳೆ ಯಾವ ಕಡೆಯಿಂದ ಬರಬೇಕೋ ಅದಕ್ಕೇ ಗೊತ್ತಿರಲಿಲ್ಲ. ಕರೆಂಟೂ ಹಾಗೆಯೇ ಎಲ್ಲ ಕಡೆ ಚೆದುರಿ, ಸಣ್ಣ ಬಲ್ಬು ಮಿಣಿಮಿಣಿ ಎನ್ನುತ್ತಿತ್ತು.

“ಗಾಣದೆತ್ತು, ಶಾಂಭವಿ. ಆರು ವರ್ಷ ಗಾಣದೆತ್ತು ಸಾಕೀನಿ ನಾ.” ದಸರೆಯ ರಜೆ ಹತ್ತಿರ ಬಂದಾಗ ಹಿತ್ತಲ ಕಟ್ಟೆಯ ಮೇಲೆ ಚಹಾ ಬಸಿ ಹಿಡಿದು ನಂದಾ ಹೇಳಿದಳು.

ಅವಳ ಮಾರ್ಗದರ್ಶಕರಾದ ಧಾರವಾಡದ ಕಾಶಿನಾಥ ಸರ್ ಫೋನು ಮಾಡಿದ್ದರು. ನಂದಾಳ ಪಿಎಚ್.ಡಿ.ಯ ಅವಧಿಯನ್ನು ಆಗಲೇ ಒಂದು ಸಲ ಮುಂದೂಡಿಯಾಗಿತ್ತು. ರಜೆ ಮುಗಿದ ಮೊದಲ ಸೋಮವಾರ ಪರಿಶೀಲನಾ ಸಮಿತಿಯವರು ಕುಂದಗೋಳದ ಕಾಲೇಜಿಗೇ ಬರುತ್ತಾರೆ. ಚೂರು ನೆಟ್ಟಗೆ ಓಡಬೇಕು, ಬಲ್ಬು ನೆಟ್ಟಗೆ ಹತ್ತಬೇಕು. ಇಲ್ಲದಿದ್ದರೆ ನೋಂದಣಿ ರದ್ದು. ಮತ್ತೆ ಮೊದಲಿನಿಂದ ಸೇರಿಕೊಳ್ಳುವಷ್ಟು ವಯಸ್ಸೂ ಇಲ್ಲ, ಧೈರ್ಯವೂ ಇಲ್ಲ ಎಂದಳು ನಂದಾ. ರಜೆಯಲ್ಲಿ ಕಾಲೇಜಿಗೆ ಬೀಗ. ಹಾಗಾಗಿ ಯಂತ್ರವನ್ನು ಈರೇಶನ ಸ್ಕೂಟರಿನ ಮೇಲೆ ಮನೆಗೆ ತಂದು, ಹತ್ತಿಕಾಳು ಇಡುತ್ತಿದ್ದ ಕೋಣೆಯಲ್ಲಿ ಹೂಡಿದ್ದಳು.

“ಆಗಲಿಲ್ಲಂದ್ರ?” ಶಾಂಭವಿ ಮೆಲ್ಲಗೆ ಕೇಳಿದಳು.

“ಆಗಲಿಲ್ಲಂದ್ರ ತಾಟು ತೊಳದು ಊಟಕ್ಕ ಇಡ್ತೀನಿ. ಮತ್ತೇನು ಮಾಡೂದು?” ಎಂದು ನಂದಾ ನಕ್ಕಳು. ಬಸಿಯಲ್ಲಿ ಚಹಾ ಹಾಗೇ ಇತ್ತು.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಬೆಳಿಗ್ಗೆ ಮಡಿವಾಳೆಪ್ಪ ಸ್ನಾನ ಮಾಡಿ, ಹಣೆಗೆ ಮೂರು ಬೆರಳು ಈಬತ್ತಿ ಎಳೆದುಕೊಂಡು, ಅಂಗಳಕ್ಕೆ ಬಂದ. ಆ ಮನೆಯಲ್ಲಿ ದುಡಿಯುವ ಯಾವ ಸಾಮಾನೂ ಆ ದಿನ ಬರಿಮೈಯಲ್ಲಿ ಇರುವಂತಿಲ್ಲ. ನೇಗಿಲು, ಕೂರಿಗೆ, ಕುಡಗೋಲು, ಈರೇಶನ ಸ್ಕೂಟರು, ಅವನ ಬೆಸುಗೆಯ ಕಡ್ಡಿ, ಒಳಕಲ್ಲು. ಎಲ್ಲಕ್ಕೂ ನೀರಲ್ಲಿ ಕಲಸಿದ ಈಬತ್ತಿಯ ಮೂರು ಗೆರೆ, ಒಂದು ಚೆಂಡು ಹೂ. ಆರತಿ ತಟ್ಟೆ ಹಿಡಿದು ಶಾಂಭವಿಯೂ ರೇವವ್ವನೂ ಬಂದಿದ್ದರು. ನಂದಾ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು. ಎಲ್ಲ ಮುಗಿಯಿತು ಎನ್ನುವಾಗ ಮುದುಕ ಹತ್ತಿಕಾಳಿನ ಕೋಣೆಯ ಚಿಲಕ ತೆಗೆದ.

“ಕಾಕಾರ, ಅದಕ್ಕ ಬ್ಯಾಡ್ರಿ. ನಂದಕ್ಕ ಬೈತಾಳ,” ಎಂದಳು ಶಾಂಭವಿ. ವೈರು ಕಿತ್ತಿದೆಯೋ ಇಲ್ಲವೋ ಎಂದು ಅವಳ ಕಣ್ಣು ಮೊದಲು ಹೋದದ್ದು ಗೋಡೆಯ ಕಡೆಗೆ. ಕಿತ್ತಿತ್ತು.

“ಯಾಕವಾ? ಎಲ್ಲಾರಕಿಂತ ಹೆಚ್ಚು ದುಡಿಯೂದು ಇದ. ನನ್ನ ಸೊಸಿ ನಿದ್ದಿ ತಿಂದದ್ದೂ ಇದ. ಇದಕ್ಕ ಬಿಟ್ಟು ಒಳಕಲ್ಲಿಗೆ ಹಚ್ಚಿದ್ರ ದೇವರು ನಗೂದಿಲ್ಲೇನು?”

ನಿಂತ ತಾಟು ಅವನ ಕಣ್ಣಿಗೆ ಹಣೆಯ ಹಾಗೆ ಕಂಡಿರಬೇಕು. ಮೂರು ಬೆರಳನ್ನು ಬಟ್ಟಲಲ್ಲಿ ಅದ್ದಿ ಈ ಅಂಚಿನಿಂದ ಆ ಅಂಚಿಗೆ ದಪ್ಪಗೆ ಎಳೆದ. ಸೂಜಿಗೆ ಚೆಂಡು ಹೂ ಚುಚ್ಚಿದ. ರೇವವ್ವ ಗಂಟೆ ಬಾರಿಸಿ, “ಇವತ್ತಾದರೂ ಒಂದು ಚಡ್ಡಿ ಕೊಡಪಾ ತಂದೆ,” ಎಂದು ಕೈ ಮುಗಿದಳು.

ನಂದಾ ಹೋಳಿಗೆಯ ಕೈಯಲ್ಲೇ ಬಂದು ನೋಡಿ ಹಣೆ ಬಡಿದುಕೊಂಡಳು. “ಮಾವಾರ! ಆ ತಾಟು ಕನ್ನಡಿಯಂಗ ಸ್ವಚ್ಛ ಇರಬೇಕ್ರಿ. ದಿನಾ ಸ್ಪಿರಿಟ್ ಹಚ್ಚಿ ಒರಸ್ತೀನಿ ನಾ!”

“ಒರಸವಾ, ನಾಳೆ ಒರಸು. ಪೂಜಿ ಮಾಡಿದ್ದನ್ನ ಇವತ್ತ ಮುಟ್ಟಬಾರದು,” ಎಂದ ಮಡಿವಾಳೆಪ್ಪ, ಏನೂ ಆಗದವನಂತೆ.

ಮರುದಿನ ಬನ್ನಿ ಹಬ್ಬ. ಓಣಿಯವರೆಲ್ಲ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೂಣು ಎಂದು ಹಿರಿಯರ ಕಾಲಿಗೆ ಬಿದ್ದು ಮುಗಿದ ಮೇಲೆ ನಂದಾ ಕೋಣೆಗೆ ಹೋದಳು. ಸ್ಪಿರಿಟ್ಟು, ಅರಿವೆ ಕೈಯಲ್ಲಿ ಹಿಡಿದದ್ದೂ ಆಯಿತು. ಆದರೆ ಬಾಗಿಲಲ್ಲಿ ಮಾವ ನಿಂತಿದ್ದ, ಕೈಯಲ್ಲಿ ಬನ್ನಿ ಎಲೆ ಹಿಡಿದು, ಸೊಸೆಗೆ ಕೊಡಲೆಂದು. ಅವನ ಎದುರಿಗೇ ಅವನು ಎಳೆದ ಈಬತ್ತಿಯನ್ನು ಒರೆಸಲು ಅವಳಿಗೆ ಕೈ ಬರಲಿಲ್ಲ. ಮೊದಲ ಒಂದು ಸುತ್ತು ಹಾಗೇ ಓಡಿಸಿ, ಆ ಪೊರೆ ಕಿತ್ತು ಒಗೆದು, ಮಾವ ಹೊಲಕ್ಕೆ ಹೋದ ಮೇಲೆ ಒರೆಸಿದರಾಯಿತು ಎಂದುಕೊಂಡು ಹೂ ಮಾತ್ರ ತೆಗೆದಿಟ್ಟು ಸ್ವಿಚ್ ಒತ್ತಿದಳು.

ಶಾಂಭವಿ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಗೋಡೆಯ ಆಚೆಯಿಂದ ಕೂಗು ಬಂತು.

“ಶಾಂಭವೀ! ಲಗೂನ ಬಾ. ಲಗೂನ!”

ಸುಟ್ಟುಕೊಂಡಳೇನೋ ಎಂದೇ ಶಾಂಭವಿ ಎಣ್ಣೆಗೈಯಲ್ಲಿ ಓಡಿದಳು. ನಂದಾ ಸ್ವಿಚ್ ಆರಿಸಿ, ವೈರು ಕಿತ್ತು, ತಾಟಿನ ಮುಂದೆ ಮಂಡಿಯೂರಿ ಕೂತಿದ್ದಳು. ಕೈಯಲ್ಲಿ ಟಾರ್ಚು. ಬೆಳಕನ್ನು ತಾಟಿನ ಮೇಲೆ ಬಾಜುವಿನಿಂದ ಬಿಟ್ಟಳು.

ಬರಿ ಸ್ಟೀಲಿದ್ದ ಕಡೆ ಎಂದಿನ ಕೆದರಿದ ಜಡೆ. ಆದರೆ ಮೂರು ಈಬತ್ತಿಯ ಗೆರೆಗಳ ಮೇಲೆ, ಗೆರೆಯ ಈ ದಂಡೆಯಿಂದ ಆ ದಂಡೆಗೆ, ಎಳೆಗಳು ಸಾಲಾಗಿ ನೆಟ್ಟಗೆ ನಿಂತಿದ್ದವು. ಬಾಚಣಿಗೆಯ ಹಲ್ಲಿನ ಹಾಗೆ. ಕೂರಿಗೆ ಬಿತ್ತಿದ ಸಾಲಿನ ಹಾಗೆ. ಬೆಳಕು ಬಿದ್ದಾಗ ರೇಷ್ಮೆಯಂತೆ ಒಂದೇ ದಿಕ್ಕಿಗೆ ಮಿನುಗಿದವು.

“ಯಾರ ತಲಿ ಬಾಚಿದ್ರು ಇದಕ?” ಶಾಂಭವಿಯ ಬಾಯಿಂದ ಬಂದದ್ದು ಇಷ್ಟೇ.

ನಂದಾ ನೆಲದ ಮೇಲೆ ಕೂತೇ ವಿವರಿಸಿದಳು, ಶಾಂಭವಿಗೆ ಅನ್ನುವುದಕ್ಕಿಂತ ತನಗೇ. ದಾರವನ್ನು ಕರೆಯುವುದು ಲೋಹ. ಈಬತ್ತಿ ಒಣಗಿದ ಬೂದಿ, ಅದು ಕರೆಯುವುದಿಲ್ಲ. ಗೆರೆಯ ಆ ಕಡೆಯ ಲೋಹವೂ ಬಾ ಎನ್ನುತ್ತದೆ, ಈ ಕಡೆಯದೂ ಬಾ ಎನ್ನುತ್ತದೆ. ಜಗ್ಗಾಟದಲ್ಲಿ ದಾರ ಹಳ್ಳಕ್ಕೆ ಹಾಕಿದ ಹಲಗೆಯಂತೆ ನೆಟ್ಟಗೆ ಚಾಚಿಕೊಳ್ಳುತ್ತದೆ. “ಮ್ಯಾಲ, ಎಲ್ಲಾ ಎಳಿಯಾಗ ಒಂದ ನಮೂನಿ ಚಾರ್ಜು. ಒಂದಕ್ಕೊಂದು ಸೇರಂಗಿಲ್ಲ. ಮಾತ ಬಿಟ್ಟ ನೆಗೆಣ್ಣೇರಂಗ, ಅಂತರ ಬಿಟ್ಟ ಕೂಡತಾವ.”

ಅಂದು ಮಧ್ಯಾಹ್ನ ಆ ಸಾಲುಗಳ ಒಂದು ಮೈಗೆ ಬೆಳ್ಳಿ ಹಿಡಿಸಿದಳು. ಬ್ಲೇಡಿನಿಂದ ಜೀರಿಗೆಯಷ್ಟು ಚೂರು ಕತ್ತರಿಸಿ ಗಾಜಿನ ಬಸಿಯಲ್ಲಿ ಬಿಡುವಾಗ ಕೋಣೆಯ ಬಾಗಿಲಲ್ಲಿ ಎರಡು ಮನೆಯ ಜನ ಇದ್ದರು. ಮುಕ್ತಾ ತಾಯಿಯ ಸೊಂಟದ ಮೇಲೆ, ಬೇರೆ ದೇಶದ ಗಡಿಯಿಂದ ನೋಡುತ್ತಿದ್ದಳು.

ಚೂರು ಮೊದಲು ನಡುಗಿತು. ಎಳೆಗಳ ಸಾಲು ಹಿಡಿದು ಅದರ ಹಿಂದೆ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಬಾಲ ಮೂಡಿತು. ಆಮೇಲೆ ಹೊರಟಿತು. ಸುತ್ತಲಿಲ್ಲ, ತಿರುಗಲಿಲ್ಲ, ಕಣ್ಣಿ ಬಿಚ್ಚಿದ ಕರು ತಾಯಿಯ ಕಡೆ ಹೋಗುವ ಹಾಗೆ ಬಸಿಯ ಈ ಅಂಚಿನಿಂದ ಆ ಅಂಚಿಗೆ ನೆಟ್ಟಗೆ ಹೋಗಿ ಮುಟ್ಟಿತು.

ನಂದಾ ಇನ್ನೊಂದು ಚೂರು ಬಿಟ್ಟಳು. ಅದೂ ನೆಟ್ಟಗೆ. ಮತ್ತೊಂದು. ಅದೂ.

“ಹೋತೂ! ಹೋತೂ!” ಎಂದು ಮುಕ್ತಾ ಚಪ್ಪಾಳೆ ಹೊಡೆದಳು. ಆಗ ನಂದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಈರೇಶ ಹೆಂಡತಿಯ ಬೆನ್ನು ಮುಟ್ಟಲೋ ಬೇಡವೋ ಎಂದು ಅಪ್ಪನ ಮುಖ ನೋಡಿದ. ಮುದುಕ ಗೋಡೆಯ ಕಡೆ ತಿರುಗಿ ನಿಂತು, ಇಲ್ಲದ ಜೇಡರ ಬಲೆ ಹುಡುಕತೊಡಗಿದ.

ಬಲ್ಬಿನ ಪರೀಕ್ಷೆಯೂ ಆಯಿತು. ಎಳೆಗಳ ಉದ್ದಕ್ಕೆ ತಂತಿ ಹಿಡಿದರೆ ಬಲ್ಬು ಝಗ್ಗೆಂದಿತು. ಅಡ್ಡ ಹಿಡಿದರೆ ಕತ್ತಲೆ. ರೇವವ್ವ ಕಣ್ಣು ಕಿರಿದು ಮಾಡಿ ಎರಡು ಸಲ ನೋಡಿದಳು. “ಸಾಲು ಹಿಡದು ಹೋದ್ರ ಬೆಳಕ ಕೊಡತೈತಿ, ಅಡ್ಡಾ ಹೋದ್ರ ಮಾರಿ ತಿರವತೈತಿ. ನಮ್ಮನಿಯವರ ಸ್ವಭಾವನ ಐತೆಲ್ಲ ಇದು!”

ಇಷ್ಟಕ್ಕೆ ಕತೆ ಮುಗಿಯುತ್ತಿತ್ತೇನೋ. ಆದರೆ ಸಂಜೆಯ ಹೊತ್ತಿಗೆ ಓಣಿಯ ತುಂಬ ಒಂದೇ ಸುದ್ದಿ: ಮಡಿವಾಳೆಪ್ಪ ಈಬತ್ತಿ ಹಚ್ಚಿದ್ದಕ್ಕೆ ಮಷೀನಿಗೆ ಜೀವ ಬಂತು. ಚಿಟಿಕೆ ಈಬತ್ತಿ ಕೇಳಲು ಇಬ್ಬರು ಮನೆಗೂ ಬಂದು ಹೋದರು. ಒಬ್ಬನ ಬೋರಿನ ಮೋಟಾರು ನಿಂತಿತ್ತಂತೆ.

ನಂದಾಳಿಗೆ ಇದು ಮುಳ್ಳಾಯಿತು. ಮರುದಿನ ಅವಳು ತಾಟನ್ನು ಸ್ಪಿರಿಟಿನಿಂದ ಒರೆಸಿ, ಈರೇಶನ ಹತ್ತಿರ ಕರೆಂಟಿನವರು ಸುತ್ತುವ ಕರಿ ಟೇಪು ಇಸಿದುಕೊಂಡು, ಬೆರಳಗಲದ ಮೂರು ಪಟ್ಟಿ ಅಂಟಿಸಿ ಯಂತ್ರ ಓಡಿಸಿದಳು. ಎಳೆಗಳು ನೆಟ್ಟಗೆ ನಿಂತವು. ಈಬತ್ತಿಯ ಮೇಲಿಗಿಂತ ಅಂದವಾಗಿಯೇ ನಿಂತವು. ಟೇಪಿನ ಅಂಚು ಬೆರಳಿನ ಅಂಚಿಗಿಂತ ನೇರ.

“ಈಗ ಮಾವಾರಿಗೆ ಹೆಂಗ ಹೇಳೂದು?” ಎಂದಳು ಶಾಂಭವಿಗೆ. “ಹೇಳಲಿಲ್ಲಂದ್ರ ಸುಳ್ಳ ಆಕ್ಕತಿ. ಹೇಳಿದ್ರ ಅವರ ಮನಸು ಮುರೀತೈತಿ.”

“ಹೇಳಿಬಿಡು ನಂದಕ್ಕಾ. ಬಿಸಿ ಇದ್ದಾಗ ಹೇಳಿದ್ರ ಸಣ್ಣ ಗಾಯ, ತಡಾ ಮಾಡಿದ್ರ ದೊಡ್ಡ ಗಾಯ.” ಮಗಳ ಕಾಲಿನ ಮುಳ್ಳು ತೆಗೆದು ಕಲಿತ ಬುದ್ಧಿ ಶಾಂಭವಿಯದು.

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮಾವನ ಮುಂದೆ ನಂದಾ ಕರಿ ಟೇಪಿನ ತಾಟು ಹಿಡಿದು ನಿಂತಳು. ಹೇಳಿದಳು. ಮಡಿವಾಳೆಪ್ಪ ಎಲ್ಲ ಕೇಳಿ, ಟೇಪನ್ನು ಉಗುರಿನಿಂದ ಕೆರೆದು ನೋಡಿದ.

“ಅಲ್ಲವಾ, ನೆಗಿಲಿಗೂ ಪ್ರತಿ ವರ್ಷ ಈಬತ್ತಿ ಹಚ್ಚತೀನಿ. ಈಬತ್ತಿ ಹೊಲಾ ಊಳತೈತಿ ಅಂತ ಯಾವಾಗಾದ್ರೂ ಅಂದೀನೇನು? ಊಳಾವ ನಾನು, ಜಗ್ಗಾವು ಎತ್ತು. ಕೆಲಸದ ಮುಂದ ತಲಿ ಬಗ್ಗಸಾಕ ಹಚ್ಚೂದದು.” ಸ್ವಲ್ಪ ಹೊತ್ತು ಅಡಿಕೆ ಅಗಿದು, ಮೀಸೆಯಡಿ ನಕ್ಕ. “ಆದ್ರ ಎಲ್ಲಿ ಹಚ್ಚಬೇಕು ಅನ್ನೂದು ನಿನಗ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ಅದಷ್ಟು ಮ್ಯಾಲಿನ ಅವಂದು. ಆ ಬೋರಿನವಗ ಹೇಳಿ ಬರ್ತೀನಿ ತಡಿ, ಮೋಟಾರ್ ಬಿಚ್ಚಿ ನೋಡ್ಸಲೇ ಮಗನ ಅಂತ.”

ಕಾಶಿನಾಥ ಸರ್ ಫೋನಿನಲ್ಲಿ ದೊಡ್ಡದಾಗಿ ನಕ್ಕರು. ತಾಟಿನ ನಡುವೆ ಹೀಗೆ ಖಾಲಿ ಬಿಟ್ಟು ಎಳೆಗಳನ್ನು ಸಾಲು ಹಿಡಿಸುವ ವಿದ್ಯೆ ಬೇರೆ ದೇಶದವರಿಗೆ ಗೊತ್ತಿದೆ, ಅದನ್ನು ಹೊಸದು ಅನ್ನಬೇಡ ಎಂದರು. ಬೆಳ್ಳಿ ಹಿಡಿಸಿ ನೆಟ್ಟಗೆ ಓಡಿಸಿದ್ದು ನಿನ್ನದು, ಅದನ್ನು ಎದೆ ತಟ್ಟಿ ಹೇಳು ಎಂದರು.

ಸೋಮವಾರ ಕಾಲೇಜಿನ ಲ್ಯಾಬಿಗೆ ಸಮಿತಿಯವರು ಬಂದರು. ಮಗಳನ್ನು ಅಂಗನವಾಡಿಗೆ ಬಿಟ್ಟು ಶಾಂಭವಿಯೂ ಹೋದಳು; ಮಡಿವಾಳೆಪ್ಪ ಒಗೆದ ಧೋತರ, ರುಮಾಲು ಸುತ್ತಿ ಕಿಟಕಿಯ ಹೊರಗೆ ಬೇವಿನ ಗಿಡಕ್ಕೆ ಆತು ನಿಂತ. ಒಳಗೆ ನಂದಾ ಬಸಿಯಲ್ಲಿ ಚೂರು ಬಿಟ್ಟಳು. ಅದು ಹೊರಟಿತು.

“ಫ್ಯಾನಿನ ಗಾಳಿಗೆ ಹೋಗ್ತಾ ಇರಬಹುದಲ್ವಾ?” ಎಂದರು ಸಮಿತಿಯ ಮೇಡಂ. ಮೈಸೂರು ಕಡೆಯ ಮಾತು. ನಂದಾ ಎದ್ದು ಫ್ಯಾನು ಆರಿಸಿದಳು. ಚೂರು ಹೊರಟಿತು.

“ಬರೀ ನೀರಲ್ಲಿ ಬಿಟ್ಟು ತೋರ್ಸಿ.” ಬರಿ ನೀರಲ್ಲಿ ಚೂರು ನಿಂತಲ್ಲೇ ನಿಂತಿತು. ಅದನ್ನೇ ಎತ್ತಿ ಪೆರಾಕ್ಸೈಡಿನಲ್ಲಿ ಬಿಟ್ಟಳು. ಬಾಲ ಮೂಡಿತು, ಹೊರಟಿತು, ಆಚೆಯ ಅಂಚು ಮುಟ್ಟಿತು. ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಬಲ್ಬು ಉದ್ದಕ್ಕೆ ಹತ್ತಿತು, ಅಡ್ಡಕ್ಕೆ ಆರಿತು. ಇನ್ನೊಬ್ಬ ಹಿರಿಯರು ತಂತಿಯನ್ನು ತಾವೇ ಕೈಗೆ ತೆಗೆದುಕೊಂಡು ಹಿಡಿದು ನೋಡಿದರು, ತಿರುಗಿಸಿ ಮತ್ತೆ ಹಿಡಿದರು.

“ಆರು ವರ್ಷ ಸುತ್ತುತ್ತಾ ಇದ್ದದ್ದು ಈಗ ಹೇಗಮ್ಮ ನೆಟ್ಟಗಾಯ್ತು? ಗ್ಯಾಪ್ ಬಿಡೋ ಯೋಚನೆ ಎಲ್ಲಿಂದ ಬಂತು?” ಎಂದು ಮೇಡಂ ಕೇಳಿದರು.

ಕಿಟಕಿಯ ಬಳಿ ಶಾಂಭವಿ ಸರಳು ಹಿಡಿದು ಒಳಗೆ ಬಗ್ಗಿದಳು. ಎಲ್ಲೋ ಓದಿದೆ ಎಂದುಬಿಟ್ಟರೆ ಮುಗಿಯಿತು, ಯಾರೂ ಮತ್ತೆ ಕೇಳುವುದಿಲ್ಲ. ಈಬತ್ತಿಯ ಮಾತು ಎತ್ತಿದರೆ ನಕ್ಕುಬಿಟ್ಟಾರು. ಆರು ವರ್ಷ ಈ ಒಂದು ಬೆಳಗಿನ ಮೇಲೆ ನಿಂತಿತ್ತು.

“ಯೋಚನೆ ನನ್ನದಲ್ಲ ಮೇಡಂ,” ಎಂದಳು ನಂದಾ. “ಖಂಡೇ ಪೂಜೆಯ ದಿನ ನಮ್ಮ ಮಾವನವರು ಈ ತಾಟಿಗೆ ವಿಭೂತಿ ಹಚ್ಚಿದ್ದರು. ಒರೆಸಲು ನನಗೆ ಮನಸ್ಸಾಗಲಿಲ್ಲ. ಎಳೆಗಳು ವಿಭೂತಿಯ ಮೇಲೆ ಮಾತ್ರ ಸಾಲು ಹಿಡಿದವು. ಕಾರಣ ಹುಡುಕಿ, ಟೇಪು ಹಚ್ಚಿ ಪರೀಕ್ಷಿಸಿದ್ದು ನಾನು. ಮೊದಲ ಗೆರೆ ಅವರದು.”

ಹಿರಿಯರು ತಾಟಿನ ಕಡೆ ಬಗ್ಗಿ ನೋಡಿದರು. ಆಮೇಲೆ ಮೇಡಂ ನಕ್ಕರು. ಅಣಕದ ನಗೆಯಲ್ಲ, ಕೂಸು ಮೊದಲ ಹೆಜ್ಜೆ ಇಟ್ಟಾಗ ಬರುವಂಥದ್ದು.

“ಎಲ್ಲಿದ್ದಾರೆ ಅವರು?”

ಬೇವಿನ ಗಿಡದಡಿಯಿಂದ ಮಡಿವಾಳೆಪ್ಪನನ್ನು ಒಳಗೆ ಕರೆತಂದರು. ಅವನು ಚಪ್ಪಲಿ ಹೊರಗೆ ಬಿಟ್ಟು, ರುಮಾಲು ಸರಿಮಾಡಿಕೊಂಡು, ಬಾಗಿಲಲ್ಲೇ ಕೈ ಜೋಡಿಸಿದ. “ನನ್ನಿಂದ ಏನರ ತಪ್ಪಾಗೇತೇನ್ರಿ ಸಾಹೇಬ್ರ? ಆಕಿ 'ಸ್ವಚ್ಛ ಇರಬೇಕು' ಅಂತ ಬೈದಿದ್ಲ್ರಿ ಆವತ್ತ.”

“ಇಲ್ಲ ಯಜಮಾನ್ರೇ, ಬನ್ನಿ. ನಿಮ್ಮ ದಾರ ಓಡೋದನ್ನ ಹತ್ತಿರದಿಂದ ನೋಡಿ,” ಎಂದು ಹಿರಿಯರು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ನಂದಾ ಹೊಸ ಚೂರು ಬಿಟ್ಟಳು. ಅದು ಮಾವನ ಕಡೆಗೇ ಹೋಗಿ ಅಂಚಿಗೆ ಮುಟ್ಟಿ ನಿಂತಿತು, ಬೇಕೆಂದೇ ಬಿಟ್ಟ ಹಾಗೆ.

ಮಹಾಪ್ರಬಂಧ ಬರೆಯಲು ಒಪ್ಪಿಗೆ ಅಲ್ಲೇ ಸಿಕ್ಕಿತು. ಸಂಜೆ ಈರೇಶ ಸ್ಕೂಟರಿನ ಹಾರ್ನು ಒತ್ತುತ್ತಲೇ ಓಣಿಗೆ ಬಂದ, ಹಿಂದೆ ಹೆಂಡತಿ, ಅವಳ ತೊಡೆಯ ಮೇಲೆ ಯಂತ್ರದ ತಾಟು. ರೇವವ್ವ ಅಂಗಳದಲ್ಲಿ ತಂಬಿಗೆ ನೀರು ಹಿಡಿದು ನಿಂತಿದ್ದವಳು ನಂದಾಳ ದೃಷ್ಟಿ ತೆಗೆದು, ಬಾಯಿಗೆ ಸಕ್ಕರೆ ಹಾಕಿದಳು. “ಹೋಗಲಿ ಬಿಡು, ಚಡ್ಡಿ ಅಂಗಡ್ಯಾಗ ಸಿಗತಾವ.” ಮುಕ್ತಾ ಮಾತ್ರ ಹತ್ತಿರ ಹೋಗಿ ನಂದಾಳ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ತಾಯಿಯ ಕಿವಿಯಲ್ಲಿ, “ಜ್ಯಾಡ ಅಲ್ಲ ಅವ್ವಾ, ನಮ್ಮಂಗ ಮಂದಿನ,” ಎಂದಳು.

ಅದಾಗಿ ಒಂದು ವರ್ಷ. ನಂದಾ ಮಹಾಪ್ರಬಂಧ ಬರೆದು ಮುಗಿಸಿದಳು. ಅದರ ಮೊದಲ ಪುಟದಲ್ಲಿ ಮಾವನ ಹೆಸರಿದೆ. ಕಾಲೇಜಿನವರು ಲ್ಯಾಬಿನ ಮೂಲೆಯೊಂದನ್ನು ಅವಳಿಗೇ ಬಿಟ್ಟುಕೊಟ್ಟರು. ಅಲ್ಲಿ ಈಗ ದೊಡ್ಡ ಯಂತ್ರವಿದೆ. ಹಳೆಯದು ಮನೆಯ ಕೋಣೆಯಲ್ಲೇ ಉಳಿದಿದೆ, ಈಗಲೂ ದುಡಿಯುತ್ತದೆ. ಕೊನೆಯ ಮೌಖಿಕ ಪರೀಕ್ಷೆಗೆ ಧಾರವಾಡದಿಂದ ದಿನ ಗೊತ್ತಾಯಿತು: ಖಂಡೇ ಪೂಜೆಯ ಮುನ್ನಾದಿನ. ಬಂಧುಗಳ ಮನೆಯಲ್ಲಿ ಉಳಿದು ಪೂಜೆಯ ದಿನ ಮಧ್ಯಾಹ್ನಕ್ಕೆ ವಾಪಸು.

ಹೊರಡುವ ಬೆಳಿಗ್ಗೆ ನಂದಾ ಶಾಂಭವಿಯ ಅಡುಗೆಮನೆಗೆ ಬಂದಳು. ಹೊಸ ಇಳಕಲ್ ಸೀರೆ, ಕೈಯಲ್ಲಿ ಚೀಲ, ರೈಲಿಗೆ ಹೊತ್ತಾಗಿತ್ತು. ಸೊಂಟದಿಂದ ಕೋಣೆಯ ಕೀಲಿ ತೆಗೆದು ಶಾಂಭವಿಯ ಅಂಗೈಯಲ್ಲಿಟ್ಟಳು.

“ಒಂದ ಕೆಲಸಾ ಮಾಡ್ತಿ? ನಾಳೆ ಪೂಜಿ ಹೊತ್ತಿಗೆ ನಾ ಇರಂಗಿಲ್ಲ. ಮಾವಾರು ಮಷೀನಿಗೆ ಹಚ್ಚಾಕ ಬಂದೇ ಬರ್ತಾರ. ವೈರು ಕಿತ್ತೈತಿಲ್ಲೋ ನೋಡಿ, ಕೀಲಿ ತಗದು ಕೊಡು. ತಡೀಬ್ಯಾಡ, 'ಇಲ್ಲಿ ಹಚ್ಚರಿ' ಅಂತನೂ ಹೇಳಬ್ಯಾಡ. ಬಾಜೂಕ ನಿಂತು, ಈ ಸಲ ಎಲ್ಲಿ ಹಚ್ಚಿದ್ರು, ಎಷ್ಟ ಬೆರಳು ಹಚ್ಚಿದ್ರು, ಅಷ್ಟ ಬರದ ಇಡವಾ.”